‘ಸುಂಕದ’ ಎಂಬ ಅಡ್ಡಹೆಸರು: ಹುಡುಕಾಟದ ದಿನಚರಿ

ಜನವರಿ

ನಮ್ಮ ಮನೆತನದ ಅಡ್ಡಹೆಸರು ಸುಂಕದ. ಧಾರವಾಡ ಜಿಲ್ಲೆಯ ನಮ್ಮ ಮೂಲ ಊರಿನಲ್ಲಿ ಈ ಹೆಸರಿನವು ನಾಲ್ಕೇ ಮನೆಗಳಿದ್ದು, ನಾಲ್ಕೂ ಒಬ್ಬನೇ ಮುತ್ತಜ್ಜನ ಸಂತತಿಯವು. ಶಾಲೆಯಲ್ಲಿ ಹಾಜರಿ ಕರೆಯುವಾಗ ಪಾಟೀಲರು ಮೂವರು, ಹಿರೇಮಠರು ಇಬ್ಬರು, ಬಡಿಗೇರರು ಇಬ್ಬರು ಇರುತ್ತಿದ್ದರೆ, ಸುಂಕದ ಎಂದಾಗ ಎದ್ದು ನಿಲ್ಲುತ್ತಿದ್ದವನು ನಾನೊಬ್ಬನೇ. ಮನೆಗೆಲಸ ಮಾಡದ್ದಕ್ಕೆ ನಾನು ಏನಾದರೂ ನೆವ ಹೇಳಲು ಹೊರಟರೆ ಗಣಿತದ ಮಾಸ್ತರರು ಗಾದೆಯನ್ನೇ ತಿರುವಿ ಹಾಕುತ್ತಿದ್ದರು: “ಸುಂಕದವನ ಮುಂದ ಸುಖಾ ದುಃಖಾ ಹೇಳಬಾರದು ಅಂತಾರ, ಇಲ್ಲಿ ಸುಂಕದವನ ಬಂದು ಹೇಳಾಕತ್ತಾನ ನೋಡ್ರಿ.”

ಆಗ ಸಿಟ್ಟು ಬರುತ್ತಿತ್ತು. ನಿವೃತ್ತಿಯಾದ ಮೇಲೆ ಈ ಹೆಸರಿನ ಬೆನ್ನು ಹತ್ತಲು ಕಾರಣವಾದದ್ದು ಮಾತ್ರ ಬೇರೊಂದು ಸಂಗತಿ. ತಮ್ಮನ ಮಗಳ ಗುರುತಿನ ಚೀಟಿಯಲ್ಲಿ ಯಾರೋ ಗುಮಾಸ್ತರು ಒಂದು ಕೊಂಬನ್ನು ಬಿಟ್ಟು ‘ಸಂಕದ’ ಎಂದು ಬೆರಳಚ್ಚಿಸಿದ್ದರು. ಮಲೆನಾಡು, ಕರಾವಳಿಯ ಕಡೆ ಸಂಕವೆಂದರೆ ಹಳ್ಳಕ್ಕೆ ಹಾಕಿದ ಕಾಲುಸೇತುವೆ. ಒಂದು ಉಕಾರ ಜಾರಿದ್ದಕ್ಕೆ ಸುಂಕ ವಸೂಲಿ ಮಾಡುವವರು ಸೇತುವೆಯವರಾದೆವು! ತಿದ್ದುಪಡಿಗೆ ಅರ್ಜಿ ಬರೆಯುತ್ತ ಕುಳಿತಾಗ, ಸರಿಯಾದ ರೂಪವೆಂದು ನಾವು ಹಟ ಹಿಡಿಯುತ್ತಿರುವುದಾದರೂ ಏನು ಎಂಬ ಪ್ರಶ್ನೆ ಎದ್ದಿತು.

ಫೆಬ್ರವರಿ

ಈ ತಿಂಗಳು ನಿಘಂಟುಗಳಲ್ಲಿ ಕಳೆಯಿತು. ಸುಂಕ ಎಂಬುದು ಸಂಸ್ಕೃತದ ಶುಲ್ಕದ ತದ್ಭವ. ಪಾಲಿಯಲ್ಲಿಯೂ ಅದು ಸುಂಕವೇ. ತಮಿಳಿನಲ್ಲಿ ಸುಂಗಂ ಆಗಿರುವ ಈ ಮಾತು ಒಬ್ಬ ಅರಸನ ಬಿರುದಿಗೂ ಸೇರಿದೆ. ಚೋಳರ ಒಂದನೆಯ ಕುಲೋತ್ತುಂಗನನ್ನು ‘ಸುಂಗಂ ತವಿರ್ತ್ತ’, ಅಂದರೆ ಸುಂಕ ಬಿಡಿಸಿದ ಚೋಳನೆಂದು ಕರೆಯುತ್ತಾರೆ. ತೆಲುಗಿನಲ್ಲಿ ಸುಂಕರಿ ಎಂದರೆ ಸುಂಕ ಎತ್ತುವವನು.

ಆದರೆ ನಮ್ಮ ದೊಡ್ಡಪ್ಪನವರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ನಾವು ಒಕ್ಕಲುತನದವರು, ಇನ್ನೊಬ್ಬರ ಗಾಡಿ ತಡೆದು ದುಡ್ಡು ಕೇಳಿದವರಲ್ಲ. ರಾಶಿ ಮಾಡುವಾಗ ತೆನೆಯಿಂದ ಹಾರಿ ಮೈಗೆ ಹತ್ತಿ ನವೆ ಎಬ್ಬಿಸುವ ಸುಂಕಿನಿಂದಲೇ ಈ ಹೆಸರು ಬಂದದ್ದು. ಕೇಳಲು ಸೊಗಸಾಗಿದ್ದರೂ ವ್ಯಾಕರಣ ಇದಕ್ಕೆ ಅಡ್ಡ ನಿಲ್ಲುತ್ತದೆ. ಉಕಾರದಲ್ಲಿ ಮುಗಿಯುವ ಸುಂಕುವಿಗೆ ಷಷ್ಠಿಯಲ್ಲಿ ‘ಇನ’ ಹತ್ತಿ, ಕಾಲು ಕಾಲಿನ ಆದಂತೆ, ಸುಂಕಿನ ಎಂದಾಗಬೇಕು. ಅಕಾರದಲ್ಲಿ ಮುಗಿಯುವ ಮರ ಮರದ ಆದಂತೆ ಸುಂಕ ಮಾತ್ರ ಸುಂಕದ ಆಗುತ್ತದೆ. ನಾನು ಇದನ್ನು ಹೇಳಿದಾಗ ದೊಡ್ಡಪ್ಪ, “ನಿನ್ನ ಷಷ್ಠಿ ನೀನ ಇಟಗೋ” ಎಂದು ಎದ್ದು ಹೋದರು.

ಆ ಷಷ್ಠಿಯನ್ನು ನಾನು ನಿಜವಾಗಿಯೂ ಇಟ್ಟುಕೊಂಡೆ. ಷಷ್ಠಿ ಎಂದ ಮೇಲೆ ಅದರ ಮುಂದೆ ಇನ್ನೊಂದು ನಾಮಪದ ಬರಲೇಬೇಕು. ಸುಂಕದ ಎಂದರೆ ಸುಂಕದ ಏನು? ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಲ್ಲಿ ಈ ತೊಡಕಿಲ್ಲ: ಹಡಪದ ಅಪ್ಪಣ್ಣ, ಗಾಣದ ಕನ್ನಪ್ಪ, ಕೊಟ್ಟಣದ ಸೋಮಮ್ಮ, ನಮ್ಮವನೇ ಎಂದು ನಾನು ಹೆಮ್ಮೆಪಡುವ ಸುಂಕದ ಬಂಕಣ್ಣ. ಕಾಯಕ ಮೊದಲು ಬಂದು, ವ್ಯಕ್ತಿಯ ಹೆಸರು ಅದರ ಬೆನ್ನಿಗೆ ಬಂದು, ಮಾತು ಪೂರ್ತಿಯಾಗುತ್ತದೆ. ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ದಾಖಲೆ ಪುಸ್ತಕಗಳ ಕ್ರಮ ಬಂದ ಮೇಲೆ ಈ ವಿಶೇಷಣ ಸಾಲಿನ ತುದಿಗೆ ಹೋಗಿ ನೇತಾಡತೊಡಗಿತು. ಹಡಪದ, ಮಠದ, ಸುಂಕದ ಎಂದು ಸಹಿ ಹಾಕುವ ನಾವೆಲ್ಲ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದವರೇ.

ಏಪ್ರಿಲ್

ಎರಡು ತಿಂಗಳು ಶಾಸನ ಸಂಪುಟಗಳನ್ನು ಓದಿದೆ. ಹಿಂದಿನ ಮುಂಬಯಿ ಕರ್ನಾಟಕದ ಶಾಸನಗಳನ್ನು ಅಚ್ಚು ಹಾಕಿರುವ ದಕ್ಷಿಣ ಭಾರತದ ಶಾಸನಗಳ 11, 15, 18 ಮತ್ತು 20ನೆಯ ಸಂಪುಟಗಳೇ ನನಗೆ ಮುಖ್ಯವಾದವು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಸುಂಕ ಒಂದು ದೊಡ್ಡ ಇಲಾಖೆಯೇ ಆಗಿತ್ತೆಂಬುದು ಅವುಗಳ ಪದಗಳಿಂದಲೇ ತಿಳಿಯುತ್ತದೆ. ಹಿರಿಯ ಸುಂಕ ಪೆರ್ಜುಂಕವಾಗಿ, ಮುಂದೆ ಹೆಜ್ಜುಂಕವಾಗುತ್ತದೆ. ಅದರ ಜೊತೆಗೆ ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳು ಬರುತ್ತವೆ. ಚಿಲ್ಲರೆ ತೆರಿಗೆಗಳಿಗೆ ಇದ್ದ ಹೆಸರು ಕಿರುಕುಳ. ಇಂದು ನಾವು ಆ ಮಾತನ್ನು ಯಾವ ಅರ್ಥದಲ್ಲಿ ಬಳಸುತ್ತೇವೆಂಬುದನ್ನು ನೆನೆದು ಗ್ರಂಥಾಲಯದಲ್ಲಿ ಒಬ್ಬನೇ ನಕ್ಕೆ.

ಇವನ್ನೆಲ್ಲ ಎತ್ತುವ ಅಧಿಕಾರಿ ಸುಂಕವೆರ್ಗಡೆ, ಎಂದರೆ ಸುಂಕದ ಹೆಗ್ಗಡೆ. ದೇವಸ್ಥಾನದ ನಂದಾದೀಪಕ್ಕೋ ನೈವೇದ್ಯಕ್ಕೋ ಇಂತಿಷ್ಟು ಹೇರಿನ ಸುಂಕವನ್ನು ಬಿಟ್ಟುಕೊಡುವ ಮಾತು ಬಂದಾಗ ಈ ಹೆಗ್ಗಡೆಯರ ಹೆಸರು ಕಾಣಿಸುತ್ತದೆ. ನಮ್ಮ ಮನೆತನವನ್ನು ಅವರಿಗೆ ಗಂಟು ಹಾಕುವಷ್ಟು ಹುಚ್ಚು ನನಗಿಲ್ಲ. ನಡುವೆ ಎಂಟುನೂರು ವರ್ಷಗಳಿವೆ. ಆದರೂ ಆ ಒಂದು ಪದವಿಯ ಎರಡು ಹೋಳುಗಳ ಗತಿ ನನಗೆ ಕೌತುಕವೆನಿಸಿತು. ಹೆಗ್ಗಡೆ ಎಂಬ ಹೋಳು ಹೆಗಡೆ, ಹೆಗ್ಡೆ ಎಂದಾಗಿ ಉತ್ತರ ಕನ್ನಡದಿಂದ ದಕ್ಷಿಣ ಕನ್ನಡದವರೆಗೆ ಸಾವಿರಾರು ಮನೆಗಳಲ್ಲಿ ಹಬ್ಬಿದೆ; ಸುಂಕದ ಎಂಬ ಹೋಳು ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಉಳಿದಿದೆ.

ಜೂನ್

ಇಷ್ಟು ವಿರಳವಾಗಲು ಕಾರಣವೇನು? ಪಾಟೀಲ, ಕುಲಕರ್ಣಿಗಳೂ ಉದ್ಯೋಗದ ಹೆಸರುಗಳೇ ಅಲ್ಲವೆ? ಊರಿಗೊಬ್ಬ ಗೌಡ, ಊರಿಗೊಬ್ಬ ಲೆಕ್ಕ ಬರೆಯುವವ ಬೇಕಿತ್ತು. ಸುಂಕದವನು ಊರೂರಿಗೂ ಬೇಕಿರಲಿಲ್ಲ. ಘಟ್ಟದ ಬಾಯಿ, ಹೊಳೆ ದಾಟುವ ಜಾಗ, ಸಂತೆ ಕೂಡುವ ಪೇಟೆ, ಹೀಗೆ ಸರಕು ಹಾಯಲೇಬೇಕಾದ ಕಡೆ ಒಬ್ಬ ಕುಳಿತರೆ ಸಾಕಾಗಿತ್ತು. ಇದು ಮೇಲುನೋಟಕ್ಕೆ ಕಾಣುವ ಕಾರಣ. ನನಗೆ ಹೆಚ್ಚು ಒಪ್ಪಿಗೆಯಾದದ್ದು ಇನ್ನೊಂದು: ಪಾಟೀಲಿಕೆ, ಕುಲಕರ್ಣಿಕೆಗಳು ವತನಗಳಾಗಿದ್ದು ತಂದೆಯಿಂದ ಮಗನಿಗೆ ಇಳಿಯುತ್ತಿದ್ದವು, ಆದ್ದರಿಂದ ಹೆಸರೂ ಇಳಿಯಿತು. ಸುಂಕದ ವಸೂಲಿಯನ್ನು, ಅದರಲ್ಲೂ ಪೇಶ್ವೆಯರ ಕೊನೆಗಾಲದಲ್ಲಿ, ಹೆಚ್ಚು ಹಣ ಕೊಟ್ಟವರಿಗೆ ಮಕ್ತೆ, ಅಂದರೆ ಗುತ್ತಿಗೆ, ಕೊಡುತ್ತಿದ್ದರು. ಈ ವರ್ಷ ಇವನು, ಮುಂದಿನ ವರ್ಷ ಅವನು ಎಂದಾಗ ಅಂಥ ಕೆಲಸ ಮನೆತನದ ಹೆಸರಾಗಿ ಗಟ್ಟಿಗೊಳ್ಳುವುದು ಕಷ್ಟ.

ಮರಾಠರ ಆಳ್ವಿಕೆಯಲ್ಲಿ ಮಾತೂ ಬದಲಾಯಿತು. ಅರಬ್ಬಿ ಮೂಲದ ಜಕಾತಿ ಎಂಬ ಪದ ಸುಂಕದ ಜಾಗವನ್ನು ಹಿಡಿಯಿತು. ನಮ್ಮ ಕಡೆ ಜಕಾತಿ ಎಂಬ ಅಡ್ಡಹೆಸರಿನವರೂ ಇದ್ದಾರೆ, ಅವರನ್ನು ನಾನು ಮನಸ್ಸಿನಲ್ಲಿಯೇ ದಾಯಾದಿಗಳೆಂದು ಎಣಿಸಿದ್ದೇನೆ. 1818ರ ಹೊತ್ತಿಗೆ ಧಾರವಾಡ ಸೀಮೆ ಕಂಪನಿಯ ಕೈಗೆ ಹೋಯಿತು. 1830ರ ದಶಕದ ಕೊನೆಗೆ ಮುಂಬಯಿ ಪ್ರಾಂತದಲ್ಲಿಯೂ, 1844ರಲ್ಲಿ ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿಯೂ ಒಳನಾಡಿನ ಹಾದಿಸುಂಕ ರದ್ದಾದಾಗ ಕಸುಬೇ ಇಲ್ಲವಾಯಿತು. ಪಟ್ಟಣದೊಳಗೆ ಬರುವ ಸರಕಿನ ಮೇಲೆ ಹಾಕುತ್ತಿದ್ದ ಆಕ್ಟ್ರಾಯ್ ರೂಪದಲ್ಲಿ ಅದರ ನೆರಳು 1979ರವರೆಗೆ ಉಳಿದಿತ್ತು. ಧಾರವಾಡದಲ್ಲಿ ಇಂದಿಗೂ ಟೋಲ್ ನಾಕಾ ಎಂದು ಕೇಳಿಯೇ ಜನ ಬಸ್ ಇಳಿಯುತ್ತಾರೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಂತೂ ಸುಂಕದಕಟ್ಟೆ ಎಂಬ ಬಡಾವಣೆಯೇ ಇದೆ.

ಸೆಪ್ಟೆಂಬರ್

ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಮುತ್ತಜ್ಜನ ಕಾಲದ ಒಂದು ಖರೀದಿ ಪತ್ರ ಸಿಕ್ಕಿತು. ಮರಾಠಿಯ ಹಳೆಯ ಕೂಡಕ್ಷರವಾದ ಮೋಡಿ ಲಿಪಿಯಲ್ಲಿದ್ದ ಅದರ ಮಡಿಕೆಗಳು ಸವೆದು ನಾಲ್ಕು ತುಂಡಾಗಿದ್ದವು. ಗೆದ್ದಲು ತಿಂದ ಮೂಲೆಯನ್ನು ಬಿಟ್ಟರೆ ಉಳಿದದ್ದು ಸ್ಪಷ್ಟವಾಗಿತ್ತು. ಮೋಡಿ ಬಲ್ಲ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು, ಒಂದೊಂದೇ ಸಾಲನ್ನು ಎರಡೆರಡು ಸಲ ಓದಿ, ನನ್ನಿಂದ ಬರೆಸಿದರು. ಅದರಲ್ಲಿ ಎರಡು ಸಂಗತಿಗಳಿದ್ದವು. ಮುತ್ತಜ್ಜನ ಹೆಸರಿಗಿಂತ ಮೊದಲೇ ಸುಂಕದ ಎಂದಿತ್ತು, ಬಂಕಣ್ಣನಿಗೆ ಇದ್ದಂತೆಯೇ. ಕೊನೆಗೆ ಚಕ್ಕುಬಂದಿ ಹೇಳುವಲ್ಲಿ, ಪೂರ್ವಕ್ಕೆ ಹಳ್ಳ, ದಕ್ಷಿಣಕ್ಕೆ ಬಂಡಿದಾರಿ ಎಂದು ಬರುವ ಸಾಲಿನಲ್ಲಿ, ಪಶ್ಚಿಮಕ್ಕೆ ‘ಸುಂಕದ ಕಟ್ಟಿ’ ಎಂದಿತ್ತು. ನಾನು ಆ ಎರಡು ಪದಗಳನ್ನು ಮತ್ತೊಮ್ಮೆ ಓದಿಸಿದೆ.

ಮರುವಾರ ಊರಿಗೆ ಹೋದೆ. ಬಂಡಿದಾರಿ ಈಗ ಡಾಂಬರು ರಸ್ತೆ, ಹಳ್ಳ ಮಾತ್ರ ಇದ್ದಲ್ಲಿಯೇ ಇದೆ. ಎರಡರ ನಡುವೆ ಒಂದು ಬೇವಿನ ಮರ, ಅದರ ಬುಡಕ್ಕೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಟೇಪು ಹಿಡಿದು ಅಳೆದೆ: ಉದ್ದ ಹನ್ನೊಂದು ಅಡಿ, ಅಗಲ ಏಳು. ರಸ್ತೆಯ ಕಡೆಯ ಚಪ್ಪಡಿಯ ಅಂಚು ಕುಳಿತು ಕುಳಿತು ನುಣುಪಾಗಿತ್ತು. ಅದರ ಮೇಲೆ ಮೆಂತ್ಯ, ರಾಜಗಿರಿ ಸೊಪ್ಪಿನ ಸಿವುಡುಗಳನ್ನು ಹರಡಿಕೊಂಡು ಕುಳಿತಿದ್ದ ಅಜ್ಜಿಯೊಬ್ಬರು ನಾನು ಅಳತೆ ಮಾಡುವುದನ್ನು ಅನುಮಾನದಿಂದ ನೋಡುತ್ತಿದ್ದರು. ಈ ಜಾಗಕ್ಕೆ ಏನನ್ನುತ್ತೀರವ್ವಾ ಎಂದು ಕೇಳಿದೆ.

“ಏನ ಅನ್ನೂದ್ರಿ? ಕಟ್ಟಿ ಅಂತೀವಿ. ಬರೇ ಕಟ್ಟಿ.”