85ಕ್ಕೇ ಪಾಸಂತೆ!

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ಇಷ್ಟು: "ನರ್ಸ್ ಲೈಸೆನ್ಸ್ ಎಕ್ಸಾಂಗೆ ಹೇಗೆ ಓದಿದೆ? ಮೊದಲ ಕೆಲಸ ಹೇಗೆ ಸಿಕ್ತು?"

ಮೊದಲರ್ಧಕ್ಕೆ ಉತ್ತರ: ಓದಲಿಲ್ಲ. ಅಂಥ ಎಕ್ಸಾಂ ನಾನು ಬರೆದೇ ಇಲ್ಲ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಪಾಸಾದೆ. ಆಮೇಲೆ ಮಾರ್ಕ್ಸ್ ಕಾರ್ಡು, ಸರ್ಟಿಫಿಕೇಟು ಕೊಟ್ಟು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದೆ. ಒಂದು ನಂಬರ್ ಬಂತು. ಹೆಸರಿನ ಹಿಂದೆ ಆರ್‌ಎನ್, ಆರ್‌ಎಂ ಸೇರಿತು, ಅಂದರೆ ನೋಂದಾಯಿತ ನರ್ಸ್, ನೋಂದಾಯಿತ ಸೂಲಗಿತ್ತಿ. ಅದೇ ಲೈಸೆನ್ಸು. ನೀವು ರೀಲ್ಸ್‌ನಲ್ಲಿ ನೋಡುವ ಎಕ್ಸಾಂ ಅಮೆರಿಕಾದ್ದು, ಹೆಸರು ಎನ್‌ಕ್ಲೆಕ್ಸ್.

ಇದನ್ನು ಎಷ್ಟು ಸಲ ಹೇಳಿದರೂ ನಾಟುವುದಿಲ್ಲ. ತಿಪಟೂರಿನ ಛತ್ರದಲ್ಲಿ ಒಂದು ಮದುವೆ. ಎರಡನೇ ಪಂಕ್ತಿ, ಎಲೆ ಮೇಲೆ ಹೋಳಿಗೆ ಈಗಷ್ಟೇ ಬಿದ್ದಿದೆ. ಪಕ್ಕದಲ್ಲಿ ನಮ್ಮ ಅತ್ತೆ.

"ಅಲ್ಲ ಕಣೇ, ನಮ್ಮ ಪಕ್ಕದ್ಮನೆ ಹುಡುಗಿ ಅದೇನೋ ಎನ್‌ಕ್ಲೆಕ್ಸ್ ಅಂತೆ, 85ಕ್ಕೇ ಪಾಸಂತೆ! ನಿಂದೆಷ್ಟು ಬಂತು?"

"ಅತ್ತೆ, 85 ಅಂದ್ರೆ ಮಾರ್ಕ್ಸ್ ಅಲ್ಲ. ಪ್ರಶ್ನೆಗಳು."

"ಏನಾದ್ರೂ ಆಗ್ಲಿ, ನಿಂದೆಷ್ಟು?"

ತುಪ್ಪ ಬಡಿಸುವವನು ಕೂಡ ನಿಂತು ನನ್ನ ಮುಖ ನೋಡಿದ.

ಅವತ್ತು ಹೋಳಿಗೆ ಆರುತ್ತದೆ ಅಂತ ಬಿಟ್ಟಿದ್ದೆ. ಈಗ ಪೂರ್ತಿ ಹೇಳುತ್ತೇನೆ. ಎನ್‌ಕ್ಲೆಕ್ಸ್ ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು ಬರುತ್ತದೆ, ತಪ್ಪಿದರೆ ಸುಲಭದ್ದು. ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150. ಐದು ಗಂಟೆ ಟೈಮ್. ಈ ಹುಡುಗಿ ಪಾಸೋ ಫೇಲೋ ಅಂತ ಕಂಪ್ಯೂಟರಿಗೆ ಖಾತ್ರಿ ಆದ ಕೂಡಲೇ ಪರದೆ ಬಂದ್. ಹಾಗಾಗಿ 85ಕ್ಕೆ ಫೇಲೂ ಆಗಬಹುದು. ನನ್ನ ರೂಮ್‌ಮೇಟಿಗೆ ಬೆಂಗಳೂರಿನ ಸೆಂಟರಿನಲ್ಲಿ 85ಕ್ಕೇ ನಿಂತಿತು. ಫಲಿತಾಂಶ ಅಲ್ಲೇ ಹೇಳುವುದಿಲ್ಲ. ಮೆಟ್ಟಿಲ ಮೇಲೆ ಕೂತು ನನಗೆ ಫೋನ್ ಮಾಡಿ ಅತ್ತಳು. ಪಾಸಾಗಿದ್ದಳು. ಈಗ ಎಲ್ಲಿದ್ದಾಳೆ ಅಂತೀರಾ? ಇಲ್ಲೇ ಬೆಂಗಳೂರಿನ ಹೆಬ್ಬಾಳದಲ್ಲಿ. ಪಾಸಾದರೂ ನಮ್ಮ ದೇಶದವರಿಗೆ ವೀಸಾ ಸರದಿ ಬರುವುದಕ್ಕೆ ವರ್ಷಗಟ್ಟಲೆ ಬೇಕು. ಇದು ರೀಲ್ಸ್‌ನಲ್ಲಿ ಬರುವುದಿಲ್ಲ, ಅಲ್ವಾ?

ಇಲ್ಲೇ ಒಂದು ಎಕ್ಸಾಂ ಬರೆಯಲೇಬೇಕು ಅನ್ನುವವರಿಗೆ ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಯವರ ನಾರ್ಸೆಟ್ ಇದೆ. 2020ರಿಂದ ನಡೆಯುತ್ತಿದೆ. ಅದು ಲೈಸೆನ್ಸಿಗಲ್ಲ, ಸರ್ಕಾರಿ ಕೆಲಸಕ್ಕೆ. ಅಷ್ಟು ಸಾಕು.

ನನ್ನನ್ನು ಕೇಳಿದರೆ, ನಿಜವಾದ ಲೈಸೆನ್ಸ್ ಎಕ್ಸಾಂ ನಡೆದದ್ದು ಲೇಬರ್ ರೂಮಿನಲ್ಲಿ. ನಮ್ಮ ಕಾಲದ ಸಿಲಬಸ್ ಪ್ರಕಾರ ಒಬ್ಬೊಬ್ಬರೂ 20 ಹೆರಿಗೆ ಮಾಡಿಸಿ ಕೇಸ್ ಬುಕ್ಕಿನಲ್ಲಿ ಬರೆಯಬೇಕಿತ್ತು. ಒಂದು ಹೆರಿಗೆಗೆ ಐದು ಹುಡುಗಿಯರು ಕಾಯುತ್ತಿದ್ದೆವು. ರಾತ್ರಿ ಎರಡು ಗಂಟೆಗೆ "ಬಂತು ಬಂತು" ಅಂದರೆ ಹಾಸ್ಟೆಲಿಂದ ಓಡುತ್ತಿದ್ದೆವು. ಅಷ್ಟರಲ್ಲಿ ಇನ್ನೊಂದು ಕಾಲೇಜಿನವರು ಗ್ಲೌಸ್ ಹಾಕಿ ನಿಂತಿರುತ್ತಿದ್ದರು. ಪಾಪ, ಆ ತಾಯಿ ನೋವಲ್ಲಿ ಕಿರುಚುವಾಗ ನಾವು ನಂಬರ್ ಲೆಕ್ಕ ಹಾಕುತ್ತಿದ್ದೆವು. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಕೆಲಸ ಹೇಗೆ ಸಿಕ್ಕಿತು? ನಡೆದು ಸಿಕ್ಕಿತು. ಫೈಲ್ ಹಿಡಿದು ಒಂಬತ್ತು ಆಸ್ಪತ್ರೆ ಸುತ್ತಿದೆ. ಎಲ್ಲ ಕಡೆ ಒಂದೇ ಮಾತು: "ಎಕ್ಸ್‌ಪೀರಿಯೆನ್ಸ್ ಇದೆಯಾ?" ಕೆಲಸ ಕೊಡದೆ ಅದೆಲ್ಲಿಂದ ಬರುತ್ತದೆ ಸ್ವಾಮಿ? ಹತ್ತನೇ ಕಡೆ ನರ್ಸಿಂಗ್ ಸೂಪರಿಂಟೆಂಡೆಂಟ್ ಒಂದು ಲೆಕ್ಕ ಕೊಟ್ಟರು. ಒಂದು ಲೀಟರ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್, ನಿಮಿಷಕ್ಕೆ ಎಷ್ಟು ಹನಿ? 42 ಅಂದೆ. "ನಾಳೆಯಿಂದ ಬಾ" ಅಂದರು. ಕೈಗೆ ಹದಿಮೂರು ಸಾವಿರ, ಎರಡು ವರ್ಷದ ಬಾಂಡ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಬೀರುವಿನಲ್ಲಿ. ಕೊಟ್ಟುಬಿಟ್ಟೆ. ನೀವು ಕೊಡಬೇಡಿ, ಜೆರಾಕ್ಸ್ ಕೊಡಿ.

ಈ ಕಥೆ ಕೇಳಿದವರೆಲ್ಲ "ಅಯ್ಯೋ, ಹದಿಮೂರೇನಾ!" ಅಂತಾರೆ. "ನಿನ್ನ ಪಾಲಿಗೆ ಎಷ್ಟು ಪೇಷಂಟ್ ಇದ್ರು?" ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ. 22.

ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ನಾನು ಕೆಲಸಕ್ಕೆ ಸೇರಿ ಹನ್ನೊಂದನೇ ದಿನ, ನೈಟ್ ಡ್ಯೂಟಿ. ಜೊತೆಗಿರಬೇಕಾದ ಸೀನಿಯರನ್ನು ಐಸಿಯುಗೆ ಕರೆಸಿಕೊಂಡರು. 22 ಜನಕ್ಕೆ ನಾನೊಬ್ಬಳೇ.

ಎನ್‌ಕ್ಲೆಕ್ಸ್‌ನಲ್ಲಿ ಒಂದು ತರಹದ ಪ್ರಶ್ನೆ ಬರುತ್ತದಂತೆ. ನಾಲ್ಕು ಜನ ರೋಗಿಗಳ ಸ್ಥಿತಿ ಕೊಟ್ಟು, ಮೊದಲು ಯಾರನ್ನು ನೋಡುತ್ತೀರಿ ಅಂತ ಕೇಳುತ್ತಾರೆ. ರೂಮ್‌ಮೇಟ್ ಅದನ್ನು ಗಟ್ಟಿಯಾಗಿ ಓದಿದಾಗೆಲ್ಲ ನನಗೆ ಆ ರಾತ್ರಿ ನೆನಪಾಗುತ್ತಿತ್ತು. 14ನೇ ಬೆಡ್ಡಿನ ಅಜ್ಜ ಕ್ಯಾನುಲಾ, ಅಂದರೆ ಡ್ರಿಪ್ ಹಾಕಲು ರಕ್ತನಾಳಕ್ಕೆ ಚುಚ್ಚಿದ ನಳಿಗೆ, ಕಿತ್ತು ಹಾಕಿ, ಹಾಸಿಗೆಯೆಲ್ಲ ರಕ್ತ ಅಂತ ಕೂಗುತ್ತಿದ್ದರು. 3ನೇ ಬೆಡ್ಡಿನ ಮಗ ಬಿಸಿನೀರಿಗೆ ಜಗಳ. 7ನೇ ಬೆಡ್ಡಿನವರಿಗೆ ಸಂಜೆ ಹೊಟ್ಟೆಯ ಆಪರೇಷನ್ ಆಗಿತ್ತು. ಸುಮ್ನೆ ಮಲಗಿದ್ದರು.

ಕೂಗಿದವರ ಹತ್ತಿರ ಹೋದೆ. ಕೂಗುವವನಿಗೆ ಉಸಿರಿದೆ, ಸುಮ್ಮನಿರುವವನನ್ನು ನೋಡು ಅಂತ ನಮ್ಮ ಮೇಡಂ ನಾಲ್ಕು ವರ್ಷ ಹೇಳಿದ್ದರು. ಆದರೂ ಹೋದೆ. ಅಜ್ಜನಿಗೆ ಹೊಸ ಕ್ಯಾನುಲಾ ಹಾಕಿ 7ಕ್ಕೆ ಬರುವಾಗ ನಲವತ್ತು ನಿಮಿಷ ಆಗಿತ್ತು. ಕೈ ತಣ್ಣಗೆ. ನಾಡಿ 128. ಹೊದಿಕೆ ತೆಗೆದರೆ ಡ್ರೆಸ್ಸಿಂಗ್ ಪೂರ್ತಿ ರಕ್ತದಲ್ಲಿ ನೆನೆದಿತ್ತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದಾಗ ನನ್ನ ದನಿ ನನ್ನದೇ ಅಂತ ಅನಿಸಲಿಲ್ಲ. ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರು. ಉಳಿದರು. ಒಂಬತ್ತನೇ ದಿನ ನಡೆದುಕೊಂಡು ಮನೆಗೆ ಹೋದರು. ಅವರ ಹೆಂಡತಿ ನನ್ನ ಕೈಗೆ ಎರಡು ಕಿತ್ತಳೆ ಕೊಟ್ಟರು. ತಿನ್ನಲಾಗಲಿಲ್ಲ.

ಬೆಳಿಗ್ಗೆ ನನ್ನಿಂದ ವಿವರಣೆ ಬರೆಸಿಕೊಂಡರು. ತಪ್ಪು ನನ್ನದಾ? ಅರ್ಧ ನನ್ನದು, ಒಪ್ಪುತ್ತೇನೆ. ಇನ್ನರ್ಧಕ್ಕೆ ಬರೆದುಕೊಡುವವರು ಯಾರೂ ಇರಲಿಲ್ಲ.

ಬಾಂಡ್ ಮುಗಿಸಿಯೇ ಬಿಟ್ಟೆ. ಮುಂದಿನ ಇಂಟರ್‌ವ್ಯೂನಲ್ಲಿ ಕೊನೆಗೆ "ನೀವೇನಾದ್ರೂ ಕೇಳೋದಿದೆಯಾ?" ಅಂದರು. ಸಂಬಳ ಕೇಳುತ್ತೇನೆ ಅಂತ ಅವರು ಕಾಯುತ್ತಿದ್ದರು.

"ನೈಟ್‌ನಲ್ಲಿ ಒಬ್ಬರಿಗೆ ಎಷ್ಟು ಪೇಷಂಟ್, ಮೇಡಂ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎಂಟು. ಯಾರಾದ್ರೂ ರಜೆ ಹಾಕಿದ್ರೆ ಹತ್ತು. ಸುಳ್ಳು ಹೇಳಲ್ಲ."

ಸಂಬಳ ಹಳೇ ಕಡೆಗಿಂತ ಐನೂರು ಕಡಿಮೆ. ಸೇರಿಕೊಂಡೆ. ಇದನ್ನು ಅತ್ತೆಗೆ ಮಾತ್ರ ಹೇಳಿಲ್ಲ.