ಕೆಂಧೂಳಿಗೂ ಎರೆಮಣ್ಣಿಗೂ ಒಂದೇ ಬೈಕು: ಮಲ್ಟಿಸ್ಟ್ರಾಡಾ ವಿ4 ಎಸ್ ಸಿದ್ಧತೆಯ ಟಿಪ್ಪಣಿಗಳು

ಫೆಬ್ರವರಿ

ಬೆಂಗಳೂರಿನ ಮೊದಲ ಮಾಲೀಕರಿಂದ ಕೊಂಡು ತಂದ 2022ರ ಡುಕಾಟಿ ಮಲ್ಟಿಸ್ಟ್ರಾಡಾ ವಿ4 ಎಸ್ ಬೈಕನ್ನು ನಮ್ಮ ಬಳ್ಳಾರಿ ಸೀಮೆಯ ರಸ್ತೆಗಳಿಗೆ ಒಗ್ಗಿಸುವ ಕೆಲಸವನ್ನು ಈ ತಿಂಗಳು ಕೈಗೆತ್ತಿಕೊಂಡಿದ್ದೇನೆ. 1,158 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, 170 ಅಶ್ವಶಕ್ತಿ, ತಾನಾಗಿಯೇ ಹದ ಬದಲಿಸಿಕೊಳ್ಳುವ ಸಸ್ಪೆನ್ಷನ್, ಮುಂದೊಂದು ಹಿಂದೊಂದು ರಾಡಾರ್ ಇವೆಲ್ಲ ಕೇಳಲು ಚೆಂದ. ಆದರೆ ಸಂಡೂರಿನ ದಾರಿಯಲ್ಲಿ ಅದಿರು ಲಾರಿಗಳ ಬೆನ್ನಿಗೆ ಬಿದ್ದು ತೆವಳುವಾಗ ಅಶ್ವಶಕ್ತಿ 170 ಇದ್ದರೇನು, 17 ಇದ್ದರೇನು? ನನ್ನ ಗುರಿ ಇಷ್ಟೇ: ಸಂಡೂರಿನ ಕೆಂಪು ಅದಿರು ಧೂಳನ್ನೂ ಸಿಂಧನೂರು, ಮಸ್ಕಿ ಕಡೆಯ ಎರೆಮಣ್ಣಿನ ಕೆಸರನ್ನೂ ಈ ಬೈಕು ತಡೆದುಕೊಳ್ಳಬೇಕು, ಮತ್ತು ಸಣ್ಣಪುಟ್ಟ ಕೆಲಸಗಳಿಗೆಲ್ಲ ಬೆಂಗಳೂರಿನ ದಾರಿ ಹಿಡಿಯುವಂತಾಗಬಾರದು.

ಈ ಬೈಕನ್ನೇ ಆರಿಸಿಕೊಳ್ಳಲು ಮುಖ್ಯ ಕಾರಣ ಅದರ ವಾಲ್ವ್ (ಸಿಲಿಂಡರಿಗೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ಬಾಗಿಲು) ಸ್ಪ್ರಿಂಗುಗಳು. ಡುಕಾಟಿ ಎಂದರೆ ಡೆಸ್ಮೋ (ವಾಲ್ವನ್ನು ಸ್ಪ್ರಿಂಗಿನ ಬದಲು ಲೋಹದ ತೋಳಿನಿಂದಲೇ ಮುಚ್ಚುವ ವ್ಯವಸ್ಥೆ) ಎಂದೇ ನಂಬಿದ ಅಭಿಮಾನಿಗಳಿಗೆ 2020ರಲ್ಲಿ ಬಂದ ಈ ಗ್ರಾನ್‌ಟುರಿಸ್ಮೋ ಇಂಜಿನ್ ಸ್ವಲ್ಪ ಮುನಿಸು ತಂದಿತ್ತು, ಏಕೆಂದರೆ ಇದರಲ್ಲಿ ವಾಲ್ವ್ ಮುಚ್ಚುವ ಕೆಲಸ ಮಾಡುವುದು ಬೇರೆಲ್ಲ ಬೈಕುಗಳಲ್ಲಿರುವಂಥ ಸಾದಾ ಸ್ಪ್ರಿಂಗ್. ಆದರೆ ಅದರಿಂದಾಗಿಯೇ ವಾಲ್ವ್ ಅಂತರವನ್ನು 60,000 ಕಿ.ಮೀ.ಗೆ ಒಮ್ಮೆ ಪರೀಕ್ಷಿಸಿದರೆ ಸಾಕಾಗುತ್ತದೆ. ಕಂಪನಿಯ ಸರ್ವಿಸ್ ಸೆಂಟರ್ 300 ಕಿ.ಮೀ. ದೂರದಲ್ಲಿರುವ ಊರಿನವನಿಗೆ ಐಷಾರಾಮ ಎಂದರೆ ಇದೇ ಹೊರತು ಬಿಸಿಯಾಗುವ ಹ್ಯಾಂಡಲ್ ಹಿಡಿಕೆಯಲ್ಲ. ಬಳ್ಳಾರಿಯಲ್ಲಿ ಹಿಡಿಕೆ ಬಿಸಿ ಮಾಡಲು ಕರೆಂಟು ಬೇಕಿಲ್ಲ, ಬಿಸಿಲೇ ಸಾಕು.

ಮಾರ್ಚ್

ತಿಂಗಳೆಲ್ಲ ಚೈನಿನ ಕೆಲಸದಲ್ಲೇ ಕಳೆಯಿತು. ಬಿಎಂಡಬ್ಲ್ಯು ಆರ್ 1250 ಜಿಎಸ್ ಬೈಕಿನಂತೆ ಇದಕ್ಕೆ ಹಿಂದಿನ ಗಾಲಿ ತಿರುಗಿಸುವ ಮುಚ್ಚಿದ ಶಾಫ್ಟ್ ಇಲ್ಲ. ಬಯಲಲ್ಲಿ ಓಡುವ ಚೈನ್ ಇದೆ. ಸಂಡೂರಿನ ಅದಿರು ಹೆಮಟೈಟ್. ಹೊಲದ ಧೂಳಿನಂತೆ ಗಾಳಿಗೆ ಹಾರಿಹೋಗದೆ, ನುಣ್ಣಗಾಗಿದ್ದರೂ ತೂಕವಾಗಿರುವ ಈ ಪುಡಿ ಎಣ್ಣೆಯ ಪಸೆ ಇರುವ ಜಾಗವನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಬುಡದಲ್ಲಿ ಕೈಯಾಡಿಸಿದಾಗ ಬೆರಳಿಗೆ ಹತ್ತಿದ್ದು ಕುಂಕುಮದ ಬಣ್ಣದ ದಪ್ಪ ಪೇಸ್ಟು. ಎರಡು ಬೆರಳ ನಡುವೆ ತಿಕ್ಕಿದರೆ ಅದರಲ್ಲಿನ ತರಿ ಗೊತ್ತಾಗುತ್ತಿತ್ತು. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಇಂಥದ್ದು ಸೇರಿಕೊಂಡರೆ ಅದು ಎಣ್ಣೆಯ ಕೆಲಸ ಮಾಡುವುದಿಲ್ಲ, ಅರದ ಕೆಲಸ ಮಾಡುತ್ತದೆ.

ಕೌಲ್ ಬಜಾರಿನ ಮೆಕ್ಯಾನಿಕ್ ಒಬ್ಬರು ಚೈನನ್ನು ನೋಡುತ್ತಲೇ, "ಎಣ್ಣಿ ಜಾಸ್ತಿ ಹಚ್ಚಿದಷ್ಟೂ ಧೂಳು ಜಾಸ್ತಿ ಹಿಡಿತೈತಿ ಸಾರ್, ಮೊದ್ಲು ಅದನ್ನ ಕಮ್ಮಿ ಮಾಡ್ರಿ" ಎಂದರು. ಅವರ ಮಾತು ಸರಿಯಾಗಿತ್ತು. ಹಿಂದಿನ ಮಾಲೀಕರು ಬಳಸುತ್ತಿದ್ದ ಅಂಟಂಟಾದ ದಪ್ಪ ಎಣ್ಣೆಯನ್ನು ಬಿಟ್ಟು, ಹಚ್ಚಿದ ಮೇಲೆ ಒಣಗಿ ತೆಳುವಾದ ಪದರವಾಗುವ ಮೇಣದ ಸ್ಪ್ರೇಗೆ ಬದಲಾಯಿಸಿದೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗದ ಕಾರಣ ತೊಳೆಯಲು ಚೈನ್ ಕ್ಲೀನರ್ ಬಳಸುತ್ತಿದ್ದೇನೆ. ಪೆಟ್ರೋಲ್ ಹಾಕಿ ಉಜ್ಜುವ ರೂಢಿ ಇರುವವರು ಅದು ಕೊಂಡಿಗಳ ಒಳಗಿನ ರಬ್ಬರ್ ರಿಂಗುಗಳನ್ನು ಹಾಳುಮಾಡುತ್ತದೆ ಎಂಬುದನ್ನು ನೆನಪಿಡಬೇಕು. ಸವಾರಿ ಮುಗಿದು ಚೈನ್ ಬೆಚ್ಚಗಿರುವಾಗಲೇ ಮೇಣ ಹಚ್ಚಿ, ರಾತ್ರಿಯೆಲ್ಲ ಒಣಗಲು ಬಿಟ್ಟರೆ ಮರುದಿನ ಧೂಳು ಅಂಟುವುದು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

ಏಪ್ರಿಲ್, ಮೇ

ಬಿಸಿಲು ಏರಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಈ ಇಂಜಿನ್ ತನ್ನ ಹಿಂದಿನ ಎರಡು ಸಿಲಿಂಡರುಗಳನ್ನು ತಾನೇ ನಿಲ್ಲಿಸಿಕೊಂಡು ಮುಂದಿನ ಎರಡರಲ್ಲಷ್ಟೇ ನಡೆಯುತ್ತದೆ. ತೊಡೆಗೆ ಹತ್ತಿರವಿರುವ ಜೋಡಿಯೇ ಸುಮ್ಮನಾಗುವುದರಿಂದ ರಾಯಲ್ ಸರ್ಕಲ್ಲಿನಲ್ಲಿ ಮಧ್ಯಾಹ್ನ ನಿಲ್ಲುವುದನ್ನು ಸಹಿಸಬಹುದು. ತಂಪಾಗಿರುತ್ತದೆ ಎಂದು ಮಾತ್ರ ಹೇಳಲಾರೆ.

ಇಂಜಿನ್ನಿನ ಹೊಟ್ಟೆಯ ಕೆಳಗೆ ಕಲ್ಲು ಬಡಿಯದಂತೆ ಒಂದು ತಟ್ಟೆ ಬೇಕಿತ್ತು. ಕಂಪನಿಯದು ದುಬಾರಿಯಾದ್ದರಿಂದ ಪರಿಚಯದ ಲೇತ್ ಅಂಗಡಿಯಲ್ಲಿಯೇ ಮಾಡಿಸಿದೆ. ಮೊದಲು ಹಳೆಯ ಕ್ಯಾಲೆಂಡರಿನ ರಟ್ಟನ್ನು ಕತ್ತರಿಸಿ ಅಳತೆ ಹಿಡಿದು, ಆಯಿಲ್ ಫಿಲ್ಟರ್ ಮತ್ತು ಡ್ರೈನ್ ಬೋಲ್ಟ್ ಇರುವೆಡೆ ಕಿಂಡಿಗಳನ್ನು ಗುರುತಿಸಿ, ಆಮೇಲೆ 4 ಮಿ.ಮೀ. ಅಲ್ಯೂಮಿನಿಯಂ ತಗಡನ್ನು ಅದೇ ಆಕಾರಕ್ಕೆ ಬಗ್ಗಿಸಲಾಯಿತು. ಕಿಂಡಿ ಇಡದಿದ್ದರೆ ಪ್ರತಿ ಆಯಿಲ್ ಬದಲಾವಣೆಗೂ ತಟ್ಟೆಯನ್ನೇ ಬಿಚ್ಚಬೇಕು. ಆಯಿಲ್ ಬದಲಿಸಲು ಕಂಪನಿ 15,000 ಕಿ.ಮೀ. ಅವಧಿ ಕೊಟ್ಟಿದ್ದರೂ ಈ ಧೂಳು ಮತ್ತು ಸೆಕೆಯಲ್ಲಿ ಅದರ ಅರ್ಧಕ್ಕೇ ಬದಲಿಸುವುದು ನನ್ನ ತೀರ್ಮಾನವಾದ್ದರಿಂದ ಈ ಕಿಂಡಿಗಳಿಗೆ ಮಹತ್ವವಿದೆ. ತಟ್ಟೆಗೂ ಅದನ್ನು ಹಿಡಿದಿಡುವ ಬ್ರಾಕೆಟ್ಟುಗಳಿಗೂ ನಡುವೆ ರಬ್ಬರ್ ಬುಷ್ ಹಾಕಿದ ಮೇಲೆ ಗಡಗಡ ಸದ್ದು ನಿಂತಿತು.

ರೇಡಿಯೇಟರ್ ಮುಂದಿನ ಜಾಲರಿಯ ವಿಷಯದಲ್ಲಿ ಮಾತ್ರ ಇನ್ನೂ ಒಂದು ನಿರ್ಧಾರಕ್ಕೆ ಬಂದಿಲ್ಲ. ಸಣ್ಣ ಕಣ್ಣಿನ ಜಾಲರಿ ಕಲ್ಲನ್ನು ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಈ ಬೇಸಿಗೆಯಲ್ಲಿ ಗಾಳಿಯೇ ಮುಖ್ಯವೆಂದು ದೊಡ್ಡ ಕಣ್ಣಿನದನ್ನು ಕೂರಿಸಿದ್ದೇನೆ.

ಜುಲೈ

ಮಳೆ ಬಿದ್ದ ಮೇಲೆ ಸಿರುಗುಪ್ಪ, ಸಿಂಧನೂರು ದಾಟಿ ಮಸ್ಕಿಯವರೆಗೆ ಹೋಗಿಬಂದೆ. ಹೆದ್ದಾರಿ 150ಎ ಮೇಲಿದ್ದಷ್ಟು ಹೊತ್ತು ತೊಂದರೆಯಿಲ್ಲ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗದ್ದೆಗಳಿಂದ ಹೊರಬರುವ ಟ್ರ್ಯಾಕ್ಟರುಗಳು ತಮ್ಮ ಕಬ್ಬಿಣದ ಗಾಲಿಗಳಿಂದ ಎರೆಮಣ್ಣಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸಿ ಹೋಗಿರುತ್ತವೆ. ಮೇಲೆ ನಾಲ್ಕು ಹನಿ ಬಿದ್ದರೆ 243 ಕೆ.ಜಿ. ತೂಕದ ಬೈಕಿಗೆ ಅಲ್ಲಿ ಹಿಡಿತವೇ ಇರುವುದಿಲ್ಲ. ಮಣ್ಣಿನ ದಾರಿಗೆಂದೇ ಇರುವ ಎಂಡ್ಯೂರೋ ಮೋಡ್ ಇಂಜಿನ್ನಿನ ಶಕ್ತಿಯನ್ನು 115 ಅಶ್ವಶಕ್ತಿಗೆ ಇಳಿಸುವುದು ಇಂಥಲ್ಲಿ ನಿಜವಾಗಿ ಉಪಕಾರಿ.

ಕಾಲುವೆಯ ಪಕ್ಕದ ಮಣ್ಣಿನ ದಾರಿಗೆ ಇಳಿದಾಗ ಬೇರೆಯದೇ ಸಮಸ್ಯೆ ಎದುರಾಯಿತು. ಎರೆಮಣ್ಣು ಟೈರಿಗೆ ಪದರ ಪದರವಾಗಿ ಸುತ್ತಿಕೊಂಡು, ಮುಂದಿನ ಮಡ್‌ಗಾರ್ಡಿಗೂ 19 ಇಂಚಿನ ಗಾಲಿಗೂ ಇರುವ ಕಿರಿದಾದ ಸಂದಿಯಲ್ಲಿ ಗಟ್ಟಿಯಾಗಿ ತುಂಬಿಕೊಂಡಿತು. ಸ್ವಲ್ಪ ದೂರದಲ್ಲೇ ಗಾಲಿ ಉರುಳುವ ಬದಲು ಜಾರತೊಡಗಿತು. ಜಾಲಿ ಕಡ್ಡಿಯಿಂದ ಮಣ್ಣನ್ನು ಕೆದಕಿ ತೆಗೆಯುತ್ತಿದ್ದಾಗ ಹೊಲದಿಂದ ಬಂದ ಹಿರಿಯರೊಬ್ಬರು, "ಹಸಿ ಇದ್ದಾಗ ಎರಿಗೆ ಗಾಡಿ ಇಳಸಬಾರ್ದು ತಮ್ಮಾ, ಎರಡು ದಿನ ಬಿಸಿಲು ಬೀಳಲಿ" ಎಂದು ಹೇಳಿ ನಕ್ಕರು.

ಇಲ್ಲಿ ಎರಡು ಮಣ್ಣುಗಳ ಬೇಡಿಕೆಗಳು ಒಂದಕ್ಕೊಂದು ಎದುರಾಗುತ್ತವೆ. ಸಂಡೂರಿನಲ್ಲಿ ಇಂಜಿನ್ ಮತ್ತು ರೇಡಿಯೇಟರ್ ಕಡೆಗೆ ಧೂಳು, ಜಲ್ಲಿ ಎರಚದಂತೆ ಮಡ್‌ಗಾರ್ಡ್ ಉದ್ದವಾಗಿ, ಟೈರಿಗೆ ಹತ್ತಿರವಾಗಿ ಇರಬೇಕು. ಸಿಂಧನೂರಿನಲ್ಲಿ ಅದು ಗಿಡ್ಡವಾಗಿ, ದೂರವಾಗಿ ಇರಬೇಕು. ಹಾಗಾಗಿ ರಬ್ಬರ್ ಹಾಳೆಯ ತುಂಡೊಂದನ್ನು ಮಡ್‌ಗಾರ್ಡಿನ ತುದಿಗೆ ಸ್ಕ್ರೂಗಳಿಂದ ಬಿಗಿದಿದ್ದೇನೆ. ಬೇಸಿಗೆಯಲ್ಲಿ ಹಾಕಬಹುದು, ಮಳೆಗಾಲದಲ್ಲಿ ಬಿಚ್ಚಬಹುದು. ಮಡ್‌ಗಾರ್ಡನ್ನು ಸ್ವಲ್ಪ ಮೇಲೆತ್ತಲು ಅಲ್ಯೂಮಿನಿಯಂ ವಾಷರುಗಳನ್ನು ಲೇತ್‌ನಲ್ಲಿ ಕಡೆಯಿಸುತ್ತಿದ್ದೇನೆ; ಬ್ರೇಕ್ ಹೋಸಿಗೆ ತಾಗದಂತೆ ಅವುಗಳ ದಪ್ಪ ನಿರ್ಧಾರವಾಗಬೇಕು.

ಆಗಸ್ಟ್

ರಾಡಾರ್ ಬಗ್ಗೆ ಕೇಳುವವರು ಬಹಳ. ಮುಂದಿನ ವಾಹನದ ವೇಗಕ್ಕೆ ತಕ್ಕಂತೆ ತನ್ನ ವೇಗವನ್ನು ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್ ಗಂಟೆಗೆ 30ರಿಂದ 160 ಕಿ.ಮೀ.ವರೆಗೆ ಕೆಲಸ ಮಾಡುತ್ತದೆ. ಕೊಪ್ಪಳದ ಕಡೆಯ ನಾಲ್ಕು ಪಥದ ರಸ್ತೆಯಲ್ಲಿ ಅದು ಸೊಗಸು; ಎದುರಿನಿಂದ ಕುರಿಮಂದೆ ಬರುವ ರಸ್ತೆಗಳಲ್ಲಿ ನಾನು ಅದನ್ನು ಮುಟ್ಟುವುದಿಲ್ಲ. ಕನ್ನಡಿಯಲ್ಲಿ ದೀಪ ಬೆಳಗಿಸಿ ಹಿಂದಿನಿಂದ ಬರುವ ವಾಹನವನ್ನು ತಿಳಿಸುವ ಹಿಂದಿನ ರಾಡಾರ್ ಮಾತ್ರ ಎಲ್ಲ ರಸ್ತೆಗಳಲ್ಲೂ ನೆರವಾಗಿದೆ.

ಮುಂದಿನ ಕೆಲಸ ಟೈರುಗಳದ್ದು. ಈಗಿರುವ ಪಿರೆಲ್ಲಿ ಸ್ಕಾರ್ಪಿಯನ್ ಟ್ರೇಲ್ 2 ಡಾಂಬರಿಗೆ ಹೇಳಿ ಮಾಡಿಸಿದ್ದು. ಅದರ ಬದಲು ಮೈಮೇಲಿನ ರಬ್ಬರ್ ಗಡ್ಡೆಗಳು ದೊಡ್ಡದಾಗಿರುವ ಸ್ಕಾರ್ಪಿಯನ್ ರ್‍ಯಾಲಿ ಎಸ್‌ಟಿಆರ್ ಹಾಕಿಸುವ ಯೋಚನೆಯಿದೆ. ಅದಕ್ಕೆ ಮೊದಲು ಮಡ್‌ಗಾರ್ಡಿನ ವಾಷರುಗಳ ಕೆಲಸ ಮುಗಿಯಬೇಕು, ಏಕೆಂದರೆ ಎತ್ತರದ ಗಡ್ಡೆಯ ಟೈರು ಬಂದರೆ ಈಗಿರುವ ಸಂದಿಯೂ ಕಿರಿದಾಗುತ್ತದೆ.