‘ಫೇಲ್’ ಅಂತ ಬರೆಯುವ ಮುಂಚೆ

ಬೆಂಗಳೂರಿನ ಒಂದು ಟೆಸ್ಟ್ ಲ್ಯಾಬ್‌ನಲ್ಲಿ ನನ್ನ ಕೆಲಸ. ಅಮೆರಿಕಕ್ಕೆ ಹೋಗುವ 4ಜಿ ಮೋಡೆಮ್‌ಗಳನ್ನು ಪರೀಕ್ಷೆ ಮಾಡುತ್ತೇವೆ. ತಂಡಕ್ಕೆ ಹೊಸಬರು ಬಂದರೆ ನಾನು ಮೊದಲು ಹೇಳುವುದು ಬ್ಯಾಂಡ್ 13 ಎಂಬ 4ಜಿ ತರಂಗಾಂತರ ಪಟ್ಟಿಯ ಕಥೆ. ಒಂದು ಸಾಧನವನ್ನು ‘ಫೇಲ್’ ಮಾಡುವ ಅಧಿಕಾರ ಕೈಗೆ ಬರುವ ಮುಂಚೆ ಅದು ಗೊತ್ತಿರಬೇಕು.

2007ರಲ್ಲಿ ಅಮೆರಿಕದ ಹಳೆಯ ಅನಲಾಗ್ ಟಿವಿ ಚಾನೆಲ್‌ಗಳು ಬಿಟ್ಟುಕೊಡಲಿದ್ದ 700 ಮೆಗಾಹರ್ಟ್ಸ್ ತರಂಗಾಂತರ ಹರಾಜಿಗೆ ಬರುವುದಿತ್ತು. ದೂರ ಹೋಗುವ, ಗೋಡೆ ದಾಟಿ ಒಳಗೆ ಬರುವ ಸಿಗ್ನಲ್ ಅದು. ಆಗ ಅಲ್ಲಿ ಯಾವ ಫೋನ್ ಓಡಬೇಕು, ಅದರಲ್ಲಿ ಏನಿರಬೇಕು ಅಂತ ಬಹುಪಾಲು ಮೊಬೈಲ್ ಕಂಪನಿಗಳೇ ತೀರ್ಮಾನಿಸುತ್ತಿದ್ದವು. ಜುಲೈ 31ರಂದು ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, ಸಿ ಬ್ಲಾಕ್ ಎಂಬ 22 ಮೆಗಾಹರ್ಟ್ಸ್ ತುಂಡಿಗೆ ಒಂದು ಷರತ್ತು ಹಾಕಿತು. ಗ್ರಾಹಕರು ತಮಗೆ ಬೇಕಾದ ಸಾಧನ, ಬೇಕಾದ ಆ್ಯಪ್ ಬಳಸಬಹುದು, ಹರಾಜು ಗೆದ್ದವರು ತಡೆಯುವಂತಿಲ್ಲ. ಗೂಗಲ್ ಕೇಳಿದ್ದು ನಾಲ್ಕು ಷರತ್ತು, ಎಫ್‌ಸಿಸಿ ಒಪ್ಪಿದ್ದು ಈ ಎರಡನ್ನು ಮಾತ್ರ.

ಕಂಪನಿಗಳು ಸುಮ್ಮನಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಲ್ಲಿನ ದೊಡ್ಡ ಮೊಬೈಲ್ ಕಂಪನಿ ವೆರೈಜನ್ ಕೋರ್ಟ್‌ಗೆ ಹೋಯಿತು. ಮೊಬೈಲ್ ಕಂಪನಿಗಳ ಸಂಘ ಸಿಟಿಐಎ ಕೂಡ ಹೋಯಿತು. ಮಾರುಕಟ್ಟೆಯಲ್ಲಿ ಪೈಪೋಟಿ ಇದೆ, ನಿಯಮ ಯಾಕೆ? ಷರತ್ತು ಹಾಕಿದರೆ ಹರಾಜಿನ ಬೆಲೆ ಬೀಳುತ್ತೆ. ಯಾವ್ಯಾವುದೋ ಸಾಧನ ಬಂದರೆ ನೆಟ್‌ವರ್ಕ್ ಕೆಡುತ್ತೆ. ಹೀಗಿತ್ತು ವಾದ. ಸ್ವಲ್ಪ ದಿನದಲ್ಲೇ ವೆರೈಜನ್ ಕೇಸ್ ವಾಪಸ್ ಪಡೆಯಿತು. 2008ರಲ್ಲಿ ಸುಮಾರು 474 ಕೋಟಿ ಡಾಲರ್ ಕೊಟ್ಟು ಸಿ ಬ್ಲಾಕ್‌ನ ಬಹುಪಾಲನ್ನು ಗೆದ್ದದ್ದೂ ಅದೇ ಕಂಪನಿ! ಬೆಲೆಯ ಮಾತು ಪೂರ್ತಿ ಸುಳ್ಳಲ್ಲ. ಈ ಷರತ್ತಿಲ್ಲದ ಬಿ ಬ್ಲಾಕ್, ಪ್ರತಿ ಮೆಗಾಹರ್ಟ್ಸ್ ಲೆಕ್ಕದಲ್ಲಿ, ಇದಕ್ಕಿಂತ ಎಷ್ಟೋ ದುಬಾರಿಗೆ ಹೋಯಿತು.

ಆದರೆ ‘ನೆಟ್‌ವರ್ಕ್ ಕೆಡುತ್ತೆ’ ಅನ್ನುವುದು ನನ್ನ ಮೇಜಿನ ವಿಷಯ. ಆ ಭಯ ನಿಜವಾದದ್ದೇ. ಸಿ ಬ್ಲಾಕ್‌ನಲ್ಲಿ ಓಡುವ 4ಜಿ ಪಟ್ಟಿಯೇ ಬ್ಯಾಂಡ್ 13. ಅದರಲ್ಲಿ ಫೋನ್ ಸಿಗ್ನಲ್ ಕಳಿಸುವುದು 777ರಿಂದ 787 ಮೆಗಾಹರ್ಟ್ಸ್‌ನಲ್ಲಿ. ಅದರ ಪಕ್ಕದಲ್ಲೇ, 769ರಿಂದ 775ರಲ್ಲಿ, ಪೊಲೀಸರ ಮತ್ತು ಅಗ್ನಿಶಾಮಕ ದಳದವರ ರೇಡಿಯೊಗಳಿವೆ. ಫೋನಿನ ಸಿಗ್ನಲ್ ಅಲ್ಲಿಗೆ ಸೋರಿದರೆ ಬೆಂಕಿಯ ಮಧ್ಯೆ ನಿಂತವನಿಗೆ ಮಾತು ಕೇಳಿಸದೆ ಹೋಗಬಹುದು. ಅದಕ್ಕೇ 4ಜಿ ಮಾನದಂಡದಲ್ಲಿ ಒಂದು ಮಿತಿ ಇದೆ: ಆ ಜಾಗದ ಪ್ರತಿ 6.25 ಕಿಲೋಹರ್ಟ್ಸ್‌ನಲ್ಲಿ ಸೋರಿಕೆ ಮೈನಸ್ 57 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ದಾಟಬಾರದು. ನಾವು ಮೋಡೆಮ್‌ನಿಂದ ಪೂರ್ತಿ ಪವರ್ ಕೇಳಿ, ಯಾವ ತರಂಗಾಂತರದಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ಗೆರೆಯಲ್ಲಿ ತೋರಿಸುವ ಸ್ಪೆಕ್ಟ್ರಮ್ ಅನಲೈಸರ್‌ನ ಎಡಗಡೆ, ಅಂದರೆ ಪೊಲೀಸ್ ರೇಡಿಯೊಗಳ ಕಡೆ, ನೋಡುತ್ತಾ ಕೂರುತ್ತೇವೆ. ಅಂಚಿನಲ್ಲಿ ಮೋಡೆಮ್ ತಾನಾಗಿ ಪವರ್ ಇಳಿಸಬೇಕು. ಇಳಿಸದಿದ್ದರೆ ಗೆರೆ ಮೇಲೇಳುತ್ತದೆ.

ನಿಜವಾದ ಅಪಾಯಕ್ಕೆ ಹೀಗೆ ಒಂದು ಅಂಕಿ ಇರುತ್ತೆ, ಅಲ್ವಾ? ಯಾರು ಬೇಕಾದರೂ ಅಳೆದು ನೋಡಬಹುದು. ಸಿ ಬ್ಲಾಕ್‌ಗೆ ಎಫ್‌ಸಿಸಿ ಹಾಕಿದ ನಿಯಮ ಕೇಳಿದ್ದೂ ಇದನ್ನೇ. ತಾಂತ್ರಿಕ ಮಾನದಂಡವನ್ನು ಪ್ರಕಟಿಸಿ. ಸಾಧನ ಬೇಡ ಅಂದರೆ ಕಾರಣ ಬರೆದು ಕೊಡಿ, ಸರಿಪಡಿಸಲು ಅವಕಾಶ ಕೊಡಿ. ಜಾಸ್ತಿ ಡೇಟಾ ಎಳೆಯುತ್ತೆ ಅನ್ನುವುದೊಂದೇ ಕಾರಣ ಸಾಲದು. ದೂರಿನಲ್ಲಿ ಹುರುಳಿದೆ ಅಂತ ಕಂಡರೆ, ತಡೆದದ್ದು ಸರಿ ಅಂತ ಸಾಬೀತು ಮಾಡಬೇಕಾದ್ದು ಕಂಪನಿ. ಕಂಪನಿಗಳಿಗೆ ನಿಜವಾಗಿ ಬಿಸಿ ತಟ್ಟಿದ್ದು ಇಲ್ಲೇ ಅಂತ ನನಗನಿಸುತ್ತೆ.

ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಹಂಚುವ ಆ್ಯಪ್‌ಗಳನ್ನು ತನ್ನ ಗ್ರಾಹಕರಿಗೆ ಸಿಗದಂತೆ ಮಾಡಲು ವೆರೈಜನ್ ಗೂಗಲ್‌ಗೆ ಹೇಳಿತ್ತು. ಆ ಸೌಲಭ್ಯಕ್ಕೆ ಅದು ಬೇರೆ ಶುಲ್ಕ ವಸೂಲಿ ಮಾಡುತ್ತಿತ್ತು. ಸಿ ಬ್ಲಾಕ್ ನಿಯಮದ ಅಡಿಯಲ್ಲಿ ಎಫ್‌ಸಿಸಿ ತನಿಖೆ ಮಾಡಿತು. 2012ರಲ್ಲಿ 12.5 ಲಕ್ಷ ಡಾಲರ್ ಕಟ್ಟಿ ಆ ಪ್ರಕರಣ ಮುಗಿಯಿತು. ಇದರಲ್ಲಿ ಯಾವ ಸೋರಿಕೆಯೂ ಇರಲಿಲ್ಲ, ಇದ್ದದ್ದು ದುಡ್ಡಿನ ಲೆಕ್ಕ.

ನಮ್ಮಲ್ಲಿಗೆ ನೀರಿನ ಮೀಟರ್ ಮಾಡುವ ಒಂದು ಸಣ್ಣ ಕಂಪನಿಯ ಮೋಡೆಮ್ ಬಂದಿತ್ತು. ತಂಡದ ಹುಡುಗಿಯೊಬ್ಬಳು ‘ನೆಟ್‌ವರ್ಕ್‌ಗೆ ಸೂಕ್ತವಲ್ಲ’ ಅಂತ ಕರಡು ಬರೆದು ತಂದಳು. ‘ಎಷ್ಟು ಬಂತಮ್ಮ?’ ಅಂದೆ. ‘ಮೈನಸ್ 54, ಸರ್.’ ಈ ಅಳತೆಯಲ್ಲಿ ಮೂರು ಹೆಚ್ಚಾದರೆ ಶಕ್ತಿ ಎರಡರಷ್ಟು, ಅಂದರೆ ಮಿತಿಯ ದುಪ್ಪಟ್ಟು ಸೋರಿಕೆ. ಅವಳ ತೀರ್ಪು ಸರಿಯಾಗಿಯೇ ಇತ್ತು. ಆದರೆ ಆ ಅಂಕಿ, ಅದರ ಗ್ರಾಫ್, ಮಾನದಂಡದ ಯಾವ ಕಲಮು, ಎಲ್ಲ ರಿಪೋರ್ಟ್‌ನಲ್ಲಿ ಇರಲಿ ಅಂದೆ. ಗ್ರಾಫ್ ನೋಡಿದ ಅವರ ಎಂಜಿನಿಯರ್‌ಗೆ ತಪ್ಪು ಎಲ್ಲಿದೆ ಅಂತ ಕೂಡಲೇ ಗೊತ್ತಾಯಿತು. ಪವರ್ ಇಳಿಸುವ ಸೆಟ್ಟಿಂಗ್ ಸರಿಮಾಡಿ ಮತ್ತೆ ಕಳಿಸಿದರು, ಪಾಸಾಯಿತು. ಈಗ ನಮ್ಮ ಫಾರ್ಮ್‌ನಲ್ಲಿ ಕಾರಣದ ಕಾಲಂ ಖಾಲಿ ಬಿಟ್ಟರೆ ರಿಪೋರ್ಟ್ ಮುಂದಕ್ಕೇ ಹೋಗುವುದಿಲ್ಲ.